ಇಪ್ಪತ್ತೊಂಬತ್ತನೇ ತಾರೀಖಿನ ಹಾಳೆ

ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿದ್ದ ಟೈಲರ್ ಸಂಜೀವಪ್ಪನವರು ದೇವರನ್ನು ಕೇಳದೆ ಕ್ಷೌರ ಕೂಡ ಮಾಡಿಸಿಕೊಳ್ಳುತ್ತಿರಲಿಲ್ಲ. ಇದು ತಮಾಷೆಗೆ ಹೇಳಿದ ಮಾತಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು, ಗೋಡೆಯ ಮೊಳೆಗೆ ನೇತುಹಾಕಿದ್ದ ದಿನಕ್ಕೊಂದು ಬೈಬಲ್ ವಾಕ್ಯ ಅಚ್ಚಾದ ಕ್ಯಾಲೆಂಡರಿನಲ್ಲಿ ನಿನ್ನೆಯ ಹಾಳೆ ಹರಿದು, ಇವತ್ತಿನ ಹಾಳೆಯ ವಾಕ್ಯ ಓದಿ, ಅದರ ಮೇಲೆ ಕಾಲು ಗಂಟೆ ಧ್ಯಾನ ಮಾಡಿ, ಆಮೇಲೆ ಕಾಫಿ. ಅವತ್ತು ಏನು ಮಾಡಬೇಕು, ಏನು ಮಾಡಬಾರದು ಎಲ್ಲ ಆ ಅಂಗೈಯಗಲದ ಹಾಳೆಯಲ್ಲೇ ತೀರ್ಮಾನವಾಗುತ್ತಿತ್ತು. ಒಂದು ಸಲ, ಕೂದಲು ಕತ್ತರಿಸಿಕೊಂಡು ಬಲ ಕಳೆದುಕೊಂಡವನ ಪ್ರಸ್ತಾಪ ಬಂದದ್ದಕ್ಕೆ ಮೂರು ವಾರ ಕ್ಷೌರದ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಹೆಂಡತಿ ಅಣ್ಣಮ್ಮ, "ಹಾಳೇಲಿ ಉಪವಾಸ ಅಂತ ಬಂದ ದಿನ ಮಾತ್ರ ನಿಮಗೆ ಅಕ್ಷರ ಸರಿಯಾಗಿ ಕಾಣಲ್ಲ" ಎಂದು ಹಂಗಿಸುತ್ತಿದ್ದಳು.

ಹರಿದ ಹಾಳೆಯನ್ನು ಅವರು ಬಿಸಾಡುತ್ತಿರಲಿಲ್ಲ. ದೇವರ ಮಾತು ಕಸದ ಗುಡ್ಡೆ ಸೇರಬಾರದು ಎಂದು ಒಂದೊಂದು ವರ್ಷದ ಹಾಳೆಗಳನ್ನು ಒಂದೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ತಾರೀಖಿನ ಪ್ರಕಾರ ಜೋಡಿಸಿಡುತ್ತಿದ್ದರು. ಯುದ್ಧ ಬಂದು ಸರ್ಕಾರದವರು ಹಳೆ ಕಾಗದ, ಹಳೆ ಡಬ್ಬಿ ಕೊಡಿ ಎಂದು ಮನೆಮನೆಗೆ ಬಂದಾಗ ಚರ್ಚಿನ ಸಭೆಯ ಹಿರಿಯರಾಗಿ ಹಿಂದೆ ಸರಿಯುವುದು ಹೇಗೆ? ಎಲ್ಲ ಕೊಟ್ಟರು. ಮೂವತ್ತೆಂಟನೇ ಇಸವಿಯ ಡಬ್ಬಿ ಮಾತ್ರ ಉಳಿಯಿತು. ಅದರ ಮೇಲ್ಭಾಗದಲ್ಲಿ ಅಣ್ಣಮ್ಮ ಖಾಕಿ ಚಡ್ಡಿಗಳ ಗುಂಡಿ ಹಾಕಿಟ್ಟಿದ್ದಳು, ಗುಂಡಿ ಬಿಟ್ಟುಕೊಡಲು ಅವಳು ಒಪ್ಪಲಿಲ್ಲ.

ನಲವತ್ತನಾಲ್ಕನೇ ಇಸವಿ ಹುಟ್ಟಿತು, ಹೊಸ ಕ್ಯಾಲೆಂಡರು ಬರಲಿಲ್ಲ. ಕಾಗದವೇ ಇಲ್ಲ, ಅಚ್ಚು ಹಾಕುವುದು ಯಾವುದರ ಮೇಲೆ ಎಂದರು ಪಾದ್ರಿ ಅಯ್ಯನವರು. ಸಂಜೀವಪ್ಪನವರು ಎರಡು ದಿನ ಮಂಕಾಗಿ ಕೂತರು. ಮೂರನೇ ದಿನ ಅಣ್ಣಮ್ಮ ಗುಂಡಿ ಹುಡುಕುತ್ತಾ ಆ ಡಬ್ಬಿಯನ್ನು ತಳದವರೆಗೆ ತಡಕಿದಾಗ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಮೂವತ್ತೆಂಟರ ಜನವರಿ ಒಂದನೇ ತಾರೀಖು ಶನಿವಾರ. ಈ ವರ್ಷದ ಜನವರಿ ಒಂದೂ ಶನಿವಾರ. ಅವಳು ಹಾಳೆಗಳನ್ನೆಲ್ಲ ತೆಗೆದು ನೆತ್ತಿಯ ಹತ್ತಿರ ದಪ್ಪ ದಾರದಲ್ಲಿ ಹೊಲಿದು ಮೊಳೆಗೆ ನೇತುಹಾಕಿದಳು.

ಸಂಜೀವಪ್ಪನವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರು. "ಉಳಿದದ್ದೂ ಅದೇ ವರ್ಷ, ಹೊಂದಿದ್ದೂ ಅದೇ ವರ್ಷ! ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆ ಇಲ್ಲ. ಇದನ್ನು ಏನಂತೀರಿ?" ಹೆಂಗಸರ ಚಾಪೆಯಿಂದ ಅಣ್ಣಮ್ಮ ಮೆಲ್ಲಗೆ, "ಗುಂಡಿ ಅಂತೀವಿ" ಎಂದದ್ದು ಅಕ್ಕಪಕ್ಕದವರಿಗೆ ಮಾತ್ರ ಕೇಳಿಸಿತು.

ಇಷ್ಟು ಭಕ್ತಿಯ ಹಾಳೆಯನ್ನು ಆ ವರ್ಷ ಓದುತ್ತಿದ್ದವಳು ಅಣ್ಣಮ್ಮನೇ. ಸಂಜೀವಪ್ಪನವರ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಪೂರ್ತಿ ಮುಚ್ಚಿಹೋಗಿತ್ತು, ಎಡಗಣ್ಣಿಗೆ ಬೆಳಕು, ನೆರಳು, ಎದುರಿಗೆ ಬಂದವರ ಗಾತ್ರ ತಿಳಿಯುತ್ತಿತ್ತು, ಅಷ್ಟೇ. ಮೂವತ್ತು ವರ್ಷ ದಂಡಿನ ಸಿಪಾಯಿಗಳಿಗೆ ಹೊಲಿದವರು ಹಿಂದಿನ ದೀಪಾವಳಿ ಹೊತ್ತಿಗೆ ಒಂದು ಪ್ಯಾಂಟಿನ ಎರಡೂ ಜೇಬನ್ನು ಒಂದೇ ಕಡೆ ಹೊಲಿದು ಕಳಿಸಿದ್ದರು. ಆಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತದ್ದು ಅಣ್ಣಮ್ಮ, ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದವರು ಅವರು. ಭಾನುವಾರದ ಆರಾಧನೆಯಲ್ಲಿ ವೇದಪಾಠ ಓದುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಸಭೆಯ ವೇದಪುಸ್ತಕದ ಅಕ್ಷರ ದಪ್ಪ, ಅದು ನನಗೆ ಕಾಣುತ್ತೆ ಎನ್ನುತ್ತಿದ್ದರು. ಅಣ್ಣಮ್ಮ ಪುಟ ತೆಗೆದು ರಿಬ್ಬನ್ ಇಟ್ಟು ಬರುತ್ತಿದ್ದಳು, ಅವರು ಎದ್ದು ಹೋಗಿ ಗಂಟೆ ಬಾರಿಸಿದ ಹಾಗೆ ಓದುತ್ತಿದ್ದರು. ಎಲ್ಲಿಯೂ ತಡವರಿಕೆ ಇಲ್ಲ. ಸಭೆಯವರು ತಲೆದೂಗುತ್ತಿದ್ದರು.

ಓದು ಮುಗಿಸಿ ಮಧ್ಯಾಹ್ನ ಊಟ ಮಾಡಿ, ಹೆಂಡತಿಯ ಕೈ ಹಿಡಿದು ಆಸ್ಪತ್ರೆಗೆ ಹೋಗುವುದು ಇನ್ನೊಂದು ರೂಢಿ. ವಾರ್ಡು ವಾರ್ಡಿಗೆ ಹೋಗಿ ರೋಗಿಗಳ ಮಂಚದ ಪಕ್ಕ ನಿಂತು ಹೇಳುತ್ತಿದ್ದ ಮಾತು ಒಂದೇ: "ಹೆದರಬೇಡಿ. ನಮ್ಮ ಯೋಗ್ಯತೆಯಿಂದ ಬದುಕೋದಲ್ಲ ನಾವು. ಎಲ್ಲಾ ಆತನ ಕರುಣೆ. ಅವನ ಕೈಗೆ ಬಿಟ್ಟುಬಿಡಿ." ಅಂಥ ಒಂದು ಭಾನುವಾರ, ಫೆಬ್ರವರಿ ಮೊದಲ ವಾರದಲ್ಲಿ, ಕಣ್ಣಿನ ಡಾಕ್ಟರು ಎದುರು ಬಂದು ಇವರನ್ನೇ ಕಿಟಕಿಯ ಹತ್ತಿರ ನಿಲ್ಲಿಸಿ ರೆಪ್ಪೆ ಎತ್ತಿ ನೋಡಿದರು.

"ಬಲಗಣ್ಣು ಬಿಟ್ಟುಬಿಡಿ. ಎಡಗಡೆ ಪೊರೆ ಹಣ್ಣಾಗಿದೆ, ಈಗ ತೆಗೆದರೆ ಕಾಣುತ್ತೆ. ತಡ ಮಾಡಿದರೆ ಅದೂ ಬಲಗಣ್ಣಿನ ದಾರಿ ಹಿಡಿಯುತ್ತೆ. ನನಗೆ ಮಾರ್ಚಿ ಒಂದಕ್ಕೆ ಅಸ್ಸಾಮಿನ ಕಡೆ ಮಿಲಿಟರಿ ಆಸ್ಪತ್ರೆಗೆ ವರ್ಗ. ಅಷ್ಟರಲ್ಲಿ ಯಾವ ಮಂಗಳವಾರ ಬಂದರೂ ಸರಿ. ನನ್ನ ಜಾಗಕ್ಕೆ ಯಾರು ಬರ್ತಾರೋ, ಯಾವಾಗ ಬರ್ತಾರೋ, ನನಗೆ ಗೊತ್ತಿಲ್ಲ."

ಸಂಜೀವಪ್ಪನವರು ಒಂದೇ ಒಂದು ಪ್ರಶ್ನೆ ಕೇಳಿದರು. "ನಿದ್ದೆಗೆ ಹಾಕ್ತೀರಾ ಸಾರ್?"

"ಇಲ್ಲ. ಕಣ್ಣಿಗೆ ತೊಟ್ಟು ಹಾಕಿ ಜೋಮು ಹಿಡಿಸ್ತೀವಿ. ನೀವು ಎಚ್ಚರವಾಗೇ ಇರ್ತೀರಿ."

ಚಾಕು ಕಣ್ಣೊಳಗೆ ಹೋಗುವಾಗ ಎಚ್ಚರವಾಗಿರಬೇಕು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅವರು, "ಆತನ ಚಿತ್ತ ಏನಿದೆಯೋ ನೋಡೋಣ" ಎಂದರು.

ಫೆಬ್ರವರಿ ಎಂಟು, ಮಂಗಳವಾರ. ಅಣ್ಣಮ್ಮ ಪಾದ್ರಿಗಳ ಮಿಷನ್ನಿನ ಹೊಲಿಗೆ ಶಾಲೆಯಲ್ಲಿ ಕಲಿತ ಓದಿನಲ್ಲಿ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದಳು. ಹೆದರಬೇಡಿ, ಸುಮ್ಮನೆ ನಿಂತು ದೇವರು ಮಾಡುವ ರಕ್ಷಣೆಯನ್ನು ನೋಡಿ ಎಂಬರ್ಥದ ಮಾತು ಬಂದಿತ್ತು.

"ಕೇಳಿದೆಯೇನೇ? ಸುಮ್ಮನೆ ನಿಲ್ಲು ಅಂತ ಇದೆ."

"ಹೆದರಬೇಡ ಅಂತಾನೂ ಇದೆಯಲ್ರೀ."

"ನಾನೆಲ್ಲಿ ಹೆದರಿದೀನಿ? ನಿಂತಿದೀನಿ."

"ನಿಂತಿದ್ರೆ ಪೊರೆ ಉದುರಿ ಬೀಳತ್ತಾ?"

"ನಂಬಿಕೆ ಇಲ್ಲದೋರ ಥರ ಮಾತಾಡಬೇಡ ಕಣೇ" ಎಂದು ಅವರು ಕಾಫಿಗೆ ಕೈ ಚಾಚಿದರು. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅಣ್ಣಮ್ಮ ಕಾಫಿ ಮಾಡಿರಲಿಲ್ಲ. ಅದಕ್ಕೂ ಒಂದು ಜಗಳವಾಯಿತು.

ಹದಿನೈದು, ಮಂಗಳವಾರ. ಈ ಸಲ ಅಣ್ಣಮ್ಮ ಹುಷಾರಾಗಿ ಜಟಕಾ ಹೂಡಿಸಿ ಬಾಗಿಲಿಗೇ ತರಿಸಿದ್ದಳು. ಅಹ್ಮದ್ ಪಾಷಾ ಅದೇ ಬೀದಿಯವನು, ಹನ್ನೊಂದು ವರ್ಷದಿಂದ ಹಲಸೂರಿಗೂ ಬ್ಲಾಕ್‌ಪಳ್ಳಿಗೂ ಗಾಡಿ ಹೊಡೆಯುತ್ತಿದ್ದವನು. ಟೈಲರ್ ಮಾಸ್ಟರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದರೆ ಸಣ್ಣ ಕೆಲಸವೇ ಎಂದು ಕುದುರೆಯ ಮೈ ತಿಕ್ಕಿ, ನೆತ್ತಿಗೆ ಹೊಸ ಗೊಂಡೆ ಕಟ್ಟಿ ತಂದಿದ್ದ. ಒಳಗೆ ಅಣ್ಣಮ್ಮ ಹಾಳೆ ಓದುತ್ತಾ ಅರ್ಧಕ್ಕೆ ನಿಂತಳು.

"ಓದು, ಯಾಕೆ ನಿಲ್ಲಿಸ್ದೆ?"

ಓದಲೇಬೇಕಾಯಿತು. ಕುದುರೆಯನ್ನು ನೆಚ್ಚಿಕೊಂಡವನಿಗೆ ಬಿಡುಗಡೆ ಇಲ್ಲ ಎಂಬ ಮಾತು.

ಸಂಜೀವಪ್ಪನವರು ಕುರ್ಚಿಯ ಹಿಂಬದಿಗೆ ಒರಗಿ ಎರಡೂ ಕೈ ಮೇಲೆತ್ತಿದರು. "ಇನ್ನೆಷ್ಟು ಬಿಡಿಸಿ ಹೇಳ್ಬೇಕು ಅವನು?"

ಹೊರಗಿನಿಂದ ಪಾಷಾ ಕೇಳಿಸಿಕೊಂಡ. "ಅರೇ ಮಾಸ್ಟರ್! ನನ್ನ ಕುದುರೆ ಏನ್ ಮಾಡ್ತು? ಇವತ್ತಿನವರೆಗೂ ಒಬ್ಬ ಸವಾರೀನ ಕೆಡವಿಲ್ಲ!"

"ನಿನ್ನ ಕುದುರೆಗಲ್ಲಪ್ಪ ಹೇಳಿದ್ದು, ನನಗೆ ಹೇಳಿದ್ದು."

"ಹಂಗಾದ್ರೆ ನಡೀರಿ, ನಡ್ಕೊಂಡೇ ಹೋಗೋಣ. ಕೈ ನಾನ್ ಹಿಡ್ಕೋತೀನಿ. ಕುದುರೆ ಹಿಂದೆ ಸುಮ್ನೆ ಬರತ್ತೆ, ನೀವು ಅದನ್ನ ನಂಬ್ಬೇಡಿ."

ಅಣ್ಣಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸಂಜೀವಪ್ಪನವರಿಗೆ ನಗು ಬರಲಿಲ್ಲ. ಪಾಷಾ ಗಾಡಿ ತಿರುಗಿಸಿಕೊಳ್ಳುತ್ತಾ, "ಇದಕ್ಕೆ ಏನಂತ ಸಮಾಧಾನ ಹೇಳ್ಲಿ ಈಗ? ಹೊಸ ಗೊಂಡೆ ಬೇರೆ" ಎಂದು ಕುದುರೆಯ ಕತ್ತು ಸವರಿದ.

ಇಪ್ಪತ್ತೆರಡನೇ ತಾರೀಖು ಬಂದ ವಾಕ್ಯ ಓದಿ ಅಣ್ಣಮ್ಮನಿಗೆ ಕುಣಿಯುವಂತಾಯಿತು. ಕುರುಡರನ್ನು ಅವರು ಅರಿಯದ ದಾರಿಯಲ್ಲಿ ನಾನೇ ನಡೆಸುತ್ತೇನೆ, ಅವರ ಮುಂದಿನ ಕತ್ತಲನ್ನು ಬೆಳಕು ಮಾಡುತ್ತೇನೆ ಎಂಬರ್ಥ. ಇದಕ್ಕಿಂತ ನೇರವಾಗಿ ಹೇಳಬೇಕಾದರೆ ದೇವರೇ ಆಸ್ಪತ್ರೆಯ ಚೀಟಿ ಬರೆದು ಕಳಿಸಬೇಕು.

"ಈಗೇನಂತೀರಿ?"

ಸಂಜೀವಪ್ಪನವರು ಬಹಳ ಹೊತ್ತು ಧ್ಯಾನ ಮಾಡಿದರು. ಕಾಲು ಗಂಟೆ ಹೋಗಿ ಮುಕ್ಕಾಲು ಗಂಟೆಯಾಯಿತು. ಕೊನೆಗೆ ಹೇಳಿದರು: "ನಾನೇ ನಡೆಸುತ್ತೇನೆ ಅಂದಿದ್ದಾನೆ ನೋಡು. ಅವನೇ ನಡೆಸೋದಾದ್ರೆ, ಮಧ್ಯೆ ಡಾಕ್ಟರು ಯಾಕೆ?"

ಅಣ್ಣಮ್ಮ ಹೋಗಿ ಮಿಷನ್ನಿನ ಮುಂದೆ ಕೂತು, ಪಕ್ಕದ ಮನೆಯವರು ಬಂದು ಏನಾಯ್ತು ಎಂದು ಕೇಳುವಷ್ಟು ಜೋರಾಗಿ ತುಳಿದಳು.

ಆ ಭಾನುವಾರವೂ ಅವರು ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಲಿಲ್ಲ. ಕಣ್ಣಿನ ವಾರ್ಡಿನಲ್ಲಿ ಕೆ.ಆರ್. ಪುರದ ಮುನಿಕೃಷ್ಣಪ್ಪ ಎಂಬ ಸೊಪ್ಪಿನ ತೋಟದ ರೈತ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಇವರು ಹೋಗದೆ ಬಿಟ್ಟ ಮಂಗಳವಾರವೇ ಅವನಿಗೆ ಆಪರೇಷನ್ ಆಗಿತ್ತು. ಅವನ ತಲೆಯ ಹತ್ತಿರ ನಿಂತು ಸಂಜೀವಪ್ಪನವರು, ಹೆತ್ತ ತಾಯಿ ಮಗುವನ್ನು ಮರೆತರೂ ದೇವರು ನಮ್ಮನ್ನು ಮರೆಯುವುದಿಲ್ಲ, ಹೆದರಬೇಡ ಎಂದು ಸವಿಸ್ತಾರವಾಗಿ ಹೇಳಿದರು. ಪಕ್ಕದಲ್ಲಿ ನಿಂತ ಅಣ್ಣಮ್ಮ ಕಿಟಕಿಯ ಸರಳು ಎಣಿಸುತ್ತಿದ್ದಳು.

ಹೀಗೆ ಕೊನೆಯ ಮಂಗಳವಾರ ಬಂತು, ಇಪ್ಪತ್ತೊಂಬತ್ತನೇ ತಾರೀಖು. ನಾಳೆ ಡಾಕ್ಟರು ರೈಲು ಹತ್ತುತ್ತಾರೆ. ಪಾಷಾನ ಗಾಡಿ ಆರೂವರೆಗೇ ಬಾಗಿಲಲ್ಲಿತ್ತು. ಸಂಜೀವಪ್ಪನವರು ಒಗೆದ ಪಂಚೆ, ಕೋಟು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಓದು."

ಅಣ್ಣಮ್ಮ ಇಪ್ಪತ್ತೆಂಟರ ಹಾಳೆ ಕಿತ್ತಳು. ಕೆಳಗಿನ ಹಾಳೆ ನೋಡಿದಳು. ಅದರ ಕೆಳಗಿನದನ್ನೂ ಎತ್ತಿ ನೋಡಿದಳು. ನೆಲದ ಮೇಲೆ ಬಿದ್ದಿದೆಯೋ ಎಂದು ಬಗ್ಗಿ ನೋಡಿದಳು.

"ಏನು ಬಂದಿದೆಯೇ?"

"ಇಲ್ಲ ರೀ."

"ಏನಿಲ್ಲ?"

"ಹಾಳೇನೇ ಇಲ್ಲ. ಇಪ್ಪತ್ತೆಂಟು ಆದ್ಮೇಲೆ ಸೀದಾ ಮಾರ್ಚಿ ಒಂದು ಇದೆ."

ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ ಒಂದು ದಿನ ಹೆಚ್ಚು ಬರುತ್ತದೆಂಬುದು ಇಬ್ಬರಿಗೂ ಗೊತ್ತಿದ್ದ ವಿಷಯವೇ. ಹೊಲಿಯುವಾಗ ಮಾತ್ರ ನೆನಪಾಗಲಿಲ್ಲ. ಈ ವರ್ಷಕ್ಕೆ ಬಂದ ಆ ಹೆಚ್ಚಿನ ದಿನ ಮೂವತ್ತೆಂಟರಲ್ಲಿ ಇರಲಿಲ್ಲ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆ ಇಲ್ಲ ಎಂದು ಸಭೆಯ ಮುಂದೆ ಸಾಕ್ಷಿ ಬೇರೆ ಹೇಳಿಯಾಗಿತ್ತು.

ಅಣ್ಣಮ್ಮ ಬೇಕಿದ್ದರೆ ಯಾವುದೋ ಹಾಳೆ ತೆಗೆದು, ಎದ್ದು ನಡೆ ಎಂಬಂಥ ವಾಕ್ಯ ಹುಡುಕಿ ಓದಬಹುದಿತ್ತು. ಅವರಿಗೆ ಕಾಣುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬರಲಿಲ್ಲವೆಂದಲ್ಲ. ಕೈ ಹಾಳೆಗಳವರೆಗೆ ಹೋಗಿತ್ತು ಕೂಡ. ಎದ್ದು ನಡೆ ಎಂದರೂ ಈ ಮನುಷ್ಯ, ನಡೆ ಅಂದಿದ್ದಾನೆ, ಗಾಡಿ ಹತ್ತು ಅಂದಿಲ್ಲ ಎನ್ನುತ್ತಾರೆ ಎನಿಸಿ ಕೈ ಹಿಂದಕ್ಕೆ ತೆಗೆದಳು.

"ಇವತ್ತು ಅವನು ಏನೂ ಹೇಳಿಲ್ಲ ಅಂದ್ರೆ..." ಸಂಜೀವಪ್ಪನವರ ಧ್ವನಿ ಸಣ್ಣಗಾಯಿತು. "ಅಪ್ಪಣೆ ಇಲ್ದೆ ಹೆಂಗೆ ಹೋಗೋದು?"

"ಅಪ್ಪಣೆ ಇದ್ದಾಗ ಹೋದ್ರಾ? ಮೂರು ಮಂಗಳವಾರ ಮಾತಾಡ್ದ. ಹೇಳಿ ಹೇಳಿ ಸಾಕಾಗಿ ಇವತ್ತು ಸುಮ್ಮನಿದ್ದಾನೆ. ನಾನಾಗಿದ್ರೆ ಮೊದಲ್ನೇ ವಾರವೇ ಸುಮ್ಮನಾಗ್ತಿದ್ದೆ."

ಪಾಷಾ ಹೊಸಿಲ ಹತ್ತಿರ ಬಂದು ಒಳಗೆ ಇಣುಕಿದ. "ಅಮ್ಮಾ, ಇವತ್ತು ನನ್ನ ಕುದುರೆ ಮೇಲೆ ಏನೂ ಬಂದಿಲ್ಲ ತಾನೆ?"

"ಯಾರ ಮೇಲೂ ಏನೂ ಬಂದಿಲ್ಲ, ಪಾಷಾ ಭಾಯ್."

"ಶುಕರ್ ಹೈ, ಬಚಾವಾದ್ವಿ" ಎಂದ ಪಾಷಾ.

ಸಂಜೀವಪ್ಪನವರು ಕೂತೇ ಇದ್ದರು. ಅವರ ಕೈ ಗೋಡೆಯ ಕಡೆ ಹೋಗಿ ಕ್ಯಾಲೆಂಡರನ್ನು ಮುಟ್ಟಿ, ಮೇಲೆ ಕೆಳಗೆ ಸವರಿತು. ಎಷ್ಟು ಸವರಿದರೂ ಅಲ್ಲಿ ಅವತ್ತಿನ ದಿನ ಇರಲಿಲ್ಲ. ಬೇಡ ಎನ್ನಲು ಒಂದು ವಾಕ್ಯವಿಲ್ಲ, ಅದಕ್ಕೊಂದು ಅರ್ಥ ಹೇಳುವ ಕೆಲಸವಿಲ್ಲ. ಹೊರಗೆ ಕುದುರೆ ಗೊರಸು ಕುಟ್ಟಿತು.

"ಭಯ ಆಗ್ತಿದೆ ಕಣೇ, ಅಣ್ಣಮ್ಮ" ಎಂದರು. "ಎಚ್ಚರ ಇರೋವಾಗ್ಲೇ ಕಣ್ಣಿಗೆ ಚಾಕು ಹಾಕ್ತಾರಂತೆ."

ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ಅವಳು ಕೇಳಿರದ ಮಾತು ಅದು. ಕೈಯಲ್ಲಿದ್ದ ಇಪ್ಪತ್ತೆಂಟರ ಹಾಳೆಯನ್ನು ಡಬ್ಬಿಗೆ ಹಾಕಿ ಬಂದು, ಅವರ ಕೋಟಿನ ಗುಂಡಿ ಸರಿಮಾಡಿದಳು.

"ಇಷ್ಟು ಹೇಳಕ್ಕೆ ಮೂರು ವಾರ ದೇವರನ್ನ ಸತಾಯಿಸಿದ್ರಲ್ಲ. ಏಳಿ. ಭಯ ಇದ್ರೆ ಇರ್ಲಿ, ಅದನ್ನೂ ಗಾಡೀಲಿ ಕೂರಿಸ್ಕೊಂಡು ಹೋಗೋಣ."

"ಮೂರು ಸವಾರಿ ಆಗತ್ತೆ. ಪರವಾಗಿಲ್ಲ, ಹತ್ತಿ" ಎಂದ ಪಾಷಾ.

ಗಾಡಿಯಲ್ಲಿ ಸಂಜೀವಪ್ಪನವರು ವಾಕ್ಯ ಹೇಳಲಿಲ್ಲ. ಬಾಯಿಪಾಠವಿದ್ದ ಕೀರ್ತನೆಗಳಲ್ಲಿ ಒಂದೂ ಪೂರ್ತಿ ನೆನಪಿಗೆ ಬರಲಿಲ್ಲ. ಬ್ಲಾಕ್‌ಪಳ್ಳಿಯ ಮಾರುಕಟ್ಟೆಯ ಗದ್ದಲ ದಾಟುವವರೆಗೂ, "ಕರುಣೆ ಇಡಪ್ಪ, ಕರುಣೆ ಇಡಪ್ಪ" ಎಂಬ ಒಂದೇ ಮಾತನ್ನು ಅದಕ್ಕೆ ವಿವರಣೆಯಿಲ್ಲದೆ ಹೇಳುತ್ತಾ ಹೋದರು.

ವಾರ್ಡಿನಲ್ಲಿ ಅವರಿಗೆ ಸಿಕ್ಕಿದ್ದು ಮುನಿಕೃಷ್ಣಪ್ಪನ ಪಕ್ಕದ ಮಂಚ. "ನೋವಾಗತ್ತಾಮ್ಮಾ?" ಎಂದು ಅವರು ನರ್ಸಮ್ಮನನ್ನು ಕೇಳಿದ್ದೇ ಪಕ್ಕದಿಂದ ಪಟ್ಟಿ ಕಟ್ಟಿದ ತಲೆ ಸಣ್ಣಗೆ ಅಲ್ಲಾಡಿತು. ಆದರೆ ಅಷ್ಟರಲ್ಲಿ ಇವರನ್ನು ಒಳಗೆ ಕರೆದುಕೊಂಡು ಹೋದರು. ಚಾಕು ಹೋಯಿತು, ಬಂತು. ಎಚ್ಚರವಾಗಿದ್ದದ್ದು ನಿಜ. ಹೆದರಿಕೆಯೂ ಕೊನೆಯವರೆಗೆ ಜೊತೆಗೇ ಇತ್ತು. ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಮಲಗಿಸಿ ನರ್ಸಮ್ಮ ಹೇಳಿದಳು: "ಅಲ್ಲಾಡಬಾರದು, ಕೆಮ್ಮಬಾರದು, ನಗಬಾರದು. ಒಂದು ವಾರ ಮಾತು ಬೇಡವೇ ಬೇಡ."

ಮುನಿಕೃಷ್ಣಪ್ಪನಿಗೆ ಆ ವಾರ ಮುಗಿದಿತ್ತು. ಅವನು ಮಾತಾಡಬಹುದಿತ್ತು.

"ಸ್ವಾಮಿ, ನೀವೇ ಅಲ್ವರಾ, ಭಾನುವಾರ ಬಂದಿದ್ದೋರು? ಧ್ವನೀಲಿ ಗೊತ್ತಾಯ್ತು. ಅಯ್ಯೋ, ನಿಮ್ಗೂ ಆಯ್ತಾ! ಮಾತಾಡ್ಬೇಡಿ, ಮಾತಾಡ್ಬೇಡಿ, ನಾನೇ ಹೇಳ್ತೀನಿ. ತಾಯಿ ಮರ್ತ್ರೂ ದೇವ್ರು ಮರೆಯಲ್ಲ ಅಂದ್ರಲ್ಲ, ಎಂಥಾ ಮಾತು! ಅವತ್ತಿಂದ ಅದನ್ನೇ ಹೇಳ್ಕೊಂಡು ಮಲಗಿದೀನಿ. ನಮ್ಮ ಮುನೇಶ್ವರನೂ ಹಂಗೇ ಸ್ವಾಮಿ, ಒಂದ್ಸಲ ಕೈ ಹಿಡಿದ್ರೆ ಬಿಡಲ್ಲ. ಹೆದರ್ಬೇಡಿ ನೀವು."

ಸಂಜೀವಪ್ಪನವರಿಗೆ ತಿದ್ದಬೇಕೆಂದು ನಾಲಿಗೆ ತುರಿಸಿತು. ಮುನೇಶ್ವರನಿಗೂ ಆ ವಾಕ್ಯಕ್ಕೂ ಸಂಬಂಧವಿಲ್ಲವೆಂದು ಕನಿಷ್ಠ ಅರ್ಧ ಗಂಟೆಯ ವಿವರಣೆ ಅವರ ಗಂಟಲಿನವರೆಗೆ ಬಂದು, ಮರಳಿನ ಚೀಲಗಳ ಮಧ್ಯೆ ಹಾಗೇ ಇಳಿದುಹೋಯಿತು. ಮುನಿಕೃಷ್ಣಪ್ಪ ದಿನಕ್ಕೆ ಹತ್ತು ಸಲ ಅದನ್ನು ಹೇಳಿದ. ಊಟಕ್ಕೆ ಮುಂಚೆ ಹೇಳಿದ, ಊಟವಾದ ಮೇಲೆ ಹೇಳಿದ. ಮೂವತ್ತು ವರ್ಷ ಆ ವಾಕ್ಯವನ್ನು ಬೇರೆಯವರಿಗೆ ಹಂಚಿದವರು ಮೊದಲ ಸಲ ಅದನ್ನು ಬರೀ ಕೇಳಿಸಿಕೊಂಡರು. ನಾಲ್ಕನೇ ದಿನ ಅವರು ಒಳಗೊಳಗೇ ತಿದ್ದುವುದನ್ನೂ ಬಿಟ್ಟರು. ಐದನೇ ದಿನ ಮುನಿಕೃಷ್ಣಪ್ಪ ಹೇಳುವುದು ತಡವಾದಾಗ, ಯಾಕೆ ಇನ್ನೂ ಹೇಳಲಿಲ್ಲ ಎಂದು ಕಾದರು.

ಹತ್ತನೇ ದಿನ ಪಟ್ಟಿ ಬಿಚ್ಚಿದರು. ಹೊಸದಾಗಿ ಬಂದಿದ್ದ ಚಿಕ್ಕ ಡಾಕ್ಟರು ಬೆರಳು ತೋರಿಸಿದರು. "ಎಷ್ಟು?"

"ಮೂರು" ಎಂದರು ಸಂಜೀವಪ್ಪನವರು. ಆಮೇಲೆ ಡಾಕ್ಟರ ಹಿಂದೆ ಮಸುಕಾಗಿ ನಿಂತವಳ ಕಡೆ ನೋಡಿ, "ಕೂದಲು ಯಾವಾಗ ಹಣ್ಣಾಯ್ತೇ?" ಎಂದರು.

"ನೀವು ಹಾಳೆ ಕೇಳ್ತಾ ಕೂತಿದ್ರಲ್ಲ, ಆವಾಗ" ಎಂದಳು ಅಣ್ಣಮ್ಮ. ಕಣ್ಣೊರೆಸಿಕೊಂಡದ್ದು ಯಾರಿಗೂ ಕಾಣದಂತೆ ತಿರುಗಿಕೊಂಡಳು.

ದಪ್ಪ ಗಾಜಿನ ಕನ್ನಡಕ ಕೈಗೆ ಬಂದದ್ದು ನಲವತ್ತು ದಿನಕ್ಕೆ, ಪುನರುತ್ಥಾನದ ಹಬ್ಬದ ಹಿಂದಿನ ದಿನ. ಹಬ್ಬದ ಆರಾಧನೆಯಲ್ಲಿ ಸಭೆ ತುಂಬಿತ್ತು. ಕಣ್ಣು ಬಂದ ಹಿರಿಯರು ಓದುತ್ತಾರೆಂದು ಕೆ.ಆರ್. ಪುರದ ಕಡೆಯಿಂದಲೂ ಜನ ಬಂದಿದ್ದರು. ಸಂಜೀವಪ್ಪನವರು ಎದ್ದು ಹೋಗಿ, ಕನ್ನಡಕ ಹಾಕಿಕೊಂಡು, ರಿಬ್ಬನ್ ಇಟ್ಟ ಪುಟದ ಮೇಲೆ ಬೆರಳಿಟ್ಟು ಓದತೊಡಗಿದರು. ಒಂದು ಪದ ಓದಿ ನಿಂತರು. ಇನ್ನೊಂದು ಓದಿ ಗಂಟಲು ಸರಿಮಾಡಿಕೊಂಡರು. ಸಾಲು ತಪ್ಪಿ ಮತ್ತೆ ಮೇಲಿನಿಂದ ಬಂದರು. ಸಮಾಧಿಯ ಕಲ್ಲು ಉರುಳಿಸುವವರೆಗೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಮಕ್ಕಳು ತೂಕಡಿಸುತ್ತಿದ್ದವು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಜನ ಗುಸುಗುಸು ಮಾತಾಡಿಕೊಂಡರು. ಕೆರೆಯ ಏರಿಯ ಮೇಲೆ ಗಂಡ ಹೆಂಡತಿ ಮನೆಗೆ ನಡೆದರು. ಕೈ ಹಿಡಿಯುವ ಅಗತ್ಯವಿರಲಿಲ್ಲ, ಅಭ್ಯಾಸಕ್ಕೆ ಹಿಡಿದಿದ್ದರು.

"ಏನಂತಿದ್ರೇ ಜನ?"

"ಕಣ್ಣು ಬಂದ್ಮೇಲೆ ಓದು ಕೆಟ್ಟೋಯ್ತು ಅಂದ್ರು. ಮುಂಚೆ ಎಷ್ಟು ಚೆನ್ನಾಗಿ ಓದ್ತಿದ್ರು ಅಂದ್ರು."

"ಒಂದು ವಿಷಯ ಹೇಳ್ಬೇಕು ಕಣೇ ನಿಂಗೆ. ಮುಂಚೆ ನಾನು ಓದ್ತಾನೇ ಇರ್ಲಿಲ್ಲ. ಒಂದಕ್ಷರ ಕಾಣ್ತಿರ್ಲಿಲ್ಲ. ಬಾಯಿಪಾಠ ಒಪ್ಪಿಸ್ತಿದ್ದೆ, ಓದೋ ಥರ. ಸಭೆ ಮುಂದೆ. ಒಂದು ವರ್ಷ."

"ಗೊತ್ತು."

ಅವರು ನಿಂತುಬಿಟ್ಟರು. "ಗೊತ್ತಾ?"

"ಕ್ರಿಸ್ಮಸ್ ದಿನ ಬೇಕಂತಲೇ ಬೇರೆ ಪುಟ ತೆಗೆದು ರಿಬ್ಬನ್ ಇಟ್ಟಿದ್ದೆ. ಯಾವುದೋ ವಂಶಾವಳಿ ಪುಟ. ನೀವು ಅದನ್ನ ನೋಡ್ಕೊಂಡೇ ಕುರುಬರ ಕತೆ ನೀರು ಕುಡಿದ ಹಾಗೆ ಓದಿದ್ರಿ."

"ಮತ್ತೆ ಇಷ್ಟು ದಿನ ಯಾಕೆ ಒಂದ್ಮಾತು ಹೇಳ್ಲಿಲ್ಲ?"

ಅಣ್ಣಮ್ಮ ಅವರ ಕೈ ಎಳೆದುಕೊಂಡು ಮುಂದೆ ನಡೆದಳು.

"ಹಾಳೇಲಿ ಬಂದಿರ್ಲಿಲ್ಲ" ಎಂದಳು.